ಕೂದಲೆಳಿಯಷ್ಟು

ಬೆಟಗೇರಿ ರಸ್ತೆಯ ಪ್ರೆಸ್ಸಿನ್ಯಾಗ
ಹದಿನೆಂಟು ವರ್ಷದಿಂದ ನಾ ಹಾಳಿ ಮಡಚಾಕಿ.
ಲಗ್ನಪತ್ರ, ಪಂಚಾಂಗ, ಪಾವತಿ ಪುಸ್ತಕ,
ಪತ್ತಿನ ಸಂಘದ ವಾರ್ಷಿಕ ವರದಿ,
ಯಾವುದು ಬಂದರೂ ಮಡಿಕಿ ಒಂದ:
ಅಂಚಿಗೆ ಅಂಚು ಕೂಡಿಸಿ
ಎಲುಬಿನ ಪಟ್ಟಿಲೆ ಒಮ್ಮೆ ಸವರಿದರ
ಹಾಳಿ ಮಲಗಿಬಿಡತಾವ.

ಆ ವಾರ ಮಕ್ಕಳ ಪುಸ್ತಕ ಬಂತು.
ಹದಿನಾರು ಪುಟ, ಎಲ್ಲಾ ಚಿಟ್ಟೆ.
ಅಚ್ಚಿನ್ಯಾಗ ಚಿಟ್ಟೆ, ನಮ್ಮ ಬಾಯಾಗ ಪಾತರಗಿತ್ತಿ.
ಚಿಟ್ಟೆ ಅಂದರ ಕೂತಂಗ ಅನಸತೈತಿ,
ಪಾತರಗಿತ್ತಿ ಅನ್ನೂದರಾಗ ಎದ್ದು ಹೋಗತೈತಿ.

ಮೌಲಾಲಿ ಮಾಮಾ ನೀಲಿ ಹೊಡದ, ಕೆಂಪು ಹೊಡದ,
ಹಳದಿ ಹೊಡಿಯುವಾಗ ಕರೆಂಟ್ ಹೋತು, ಬಂತು,
ಎಲ್ಲೋ ಕೂದಲೆಳಿಯಷ್ಟು ಸರೀತು.
ನಾನೂರು ಹಾಳಿ ಹಾದು ಹೋದ ಮ್ಯಾಲೆ
ಮಾಮಾನ ಚಾಳೀಸು ಹಣಿಯಿಂದ ಮೂಗಿಗಿಳೀತು.
ಗೆರಿ ಒಂದು ಕಡೆ, ಬಣ್ಣ ಒಂದು ಕಡೆ.
ಹಳದಿ ರೆಕ್ಕಿ ಬಿಟ್ಟು ಹೊರಗ ಚಾಚಿತ್ತು.
ಸಾವ್ಕಾರ್ರು ಒದರಿದ್ದು ಮುಳಗುಂದ ನಾಕಾತನಕ ಕೇಳಿರಬೇಕು.
ಮಾಮಾ ಬೈಸಿಕೊಂಡು, ಕೈ ಒರಸಿಕೊಂಡು,
'ರದ್ದಿಗೆ ಹಾಕಬ್ಯಾಡ ಯವ್ವಾ, ಹುಡುಗಿಗೆ ಒಯ್ಯಿ' ಅಂದ.

ತನುಜಾ ಹಾಳಿನ ಬಲ್ಬಿಗೆ ಹಿಡದು ನೋಡಿದ್ಲು.
ಒಂಬತ್ತು ವರ್ಷದಾಕಿ. ಉಪ್ಪಿಟ್ಟಿನ್ಯಾಗೂ ತಪ್ಪು ಹುಡುಕಾಕಿ.
'ಮಷಿನ್ ತಪ್ಪೈತಿ' ಅಂತ ನಾನ ಮೊದಲ ಹೇಳಿದೆ.
'ಇಲ್ಲಬೇ. ಚಿತ್ರಾ ಬರಿಯುವಾಗ ಇದು ಹಾರಾಕತ್ತಿತ್ತು.'

ನಕ್ಕೆ.
ಆಮ್ಯಾಲೆ ಹಾಳಿ ಇಸಗೊಂಡು ಮತ್ತೊಮ್ಮೆ ನೋಡಿದೆ.

ಕೊನೀ ಪುಟದಾಗ 'ಮಾಡಿ ನೋಡಿ' ಇತ್ತು.

ಹಾಳೆಯನ್ನು ನಡುವೆ ಮಡಚಿರಿ.
    ಇದನ್ನ ನನಗ ಹೇಳಿಕೊಡತಾರ!
ಒಂದು ಬದಿಗೆ ಮಾತ್ರ ಬಣ್ಣದ ಹನಿ ಹಾಕಿರಿ.
    ಬಣ್ಣ ಎಲ್ಲೈತಿ. ಅರಿಷಿಣ ಕಲಸಿದ್ಲು, ಕುಂಕುಮ ಕಲಸಿದ್ಲು,
    ಬಟ್ಟಿಗೆ ಹಾಕೂ ನೀಲಿ ನಾಕು ಹನಿ,
    ಡಬ್ಬಿ ತಳ ಕೆರದು ಮಾಮಾ ಕೊಟ್ಟ ಕರೀ ಶಾಯಿ
    ಕಡ್ಲಿಕಾಳಷ್ಟು.
ಮಡಚಿ, ಮೆಲ್ಲಗೆ ಒತ್ತಿರಿ.
    ಮೆಲ್ಲಗ ಅನ್ನೂದು ನನ್ನ ಕೈಗೆ ಮರತೈತಿ.
    ರೂಢಿಯಂಗ ಒಂದ ಸಲ ಜೋರಲೆ ಸವರಿದೆ,
    ಅರಿಷಿಣ ಅಂಚು ದಾಟಿ ಚಾಪಿಗೆ ಬಂತು.
    'ತಾ ಇಲ್ಲೆ' ಅಂತ ಕಸಗೊಂಡ್ಲು.
    ಬ್ಯಾರೆ ಹಾಳಿ, ಬ್ಯಾರೆ ಹನಿ.
    ಜ್ವರ ನೋಡುವಂಗ ಅಂಗೈ ಇಟ್ಟು ಸುಮ್ಮನ ಕುಂತ್ಲು.
ಈಗ ಬಿಡಿಸಿರಿ.

ಹದಿನೆಂಟು ವರ್ಷ ಎಷ್ಟು ಸಾವಿರ ಮಡಚೇನಿ.
ಬಿಡಿಸೂ ಕೆಲಸ ಯಾವಾಗಲೂ ಮತ್ತೊಬ್ಬರದು,
ಅವರ ಮಾರಿ ನಾ ಕಂಡಿಲ್ಲ.
ಹಾಳಿ ಅಂಟಿಕೊಂಡಿತ್ತು. ಚರ್ ಅಂತ ಬಿಚ್ಚಿತು.
ಒಂದು ಕಡೆ ಹಾಕಿದ್ದು ಎರಡೂ ಕಡೆ ಇತ್ತು,
ಆದರ ಕುಂಕುಮ ಎಡಕ್ಕ ತುಸು ಜಾಸ್ತಿ,
ನೀಲಿ ಬಲಕ್ಕ ಹರದು ಹೊರಗ ಹೊಂಟಿತ್ತು.
'ಇದೂ ನಿಂತಿಲ್ಲ ನೋಡ' ಅಂದೆ. ಈ ಸಲ ನಾನ.

ಎಣ್ಣಿ ಡಬ್ಬಿಯಾಗಿನ ಕರಿಬೇವಿನ ಗಿಡದಾಗ
ಹಕ್ಕಿ ಹಿಕ್ಕಿಯಂಥಾ ಒಂದು ಹುಳ.
ಅಂಥವನ್ನ ದಿನಾ ಚಿವುಟಿ ಒಗೀತಿದ್ದೆ.
ಮರುದಿನ ಒಗ್ಗರಣಿಗೆ ಎಲಿ ಹರಿಯಾಕ ಹೋದರ
ಹಿಂದಿಂದ ಸೆರಗು ಜಗ್ಗಿದ್ಲು: 'ನಾಕನೇ ಪುಟಾ ನೋಡಬೇ. ಅದ ಇದು.'
ಅವತ್ತಿಂದ ನಮ್ಮ ಸಾರಿಗೆ ಕರಿಬೇವಿಲ್ಲ.
ಹುಳ ಹಸರಾಗೈತಿ, ದಪ್ಪಾಗೈತಿ,
ಗಿಡ ಬೋಳಾಗೈತಿ. ಇನ್ನೂ ಏನೂ ಆಗಿಲ್ಲ.

ಶನಿವಾರ ಒಳ್ಳೇ ಹಾಳಿ ಮಡಚಿ ಪಿನ್ನು ಹೊಡಿಯುವಾಗ
ಸರದ ಹಾಳೀದು ಒಂದು,
ಬರೇ ಒಂದು, ಕಟ್ಟಿನ ನಡುವ ಸೇರಿಸಿಬಿಟ್ಟೆ.
ಮಾಮಾ ನೋಡಿದ. ನೋಡಿ ಚಾಳೀಸು ಹಣಿಗೇರಿಸಿದ.
ಗಾಡಿ ತುಂಬಿ ಹೋತು: ರೋಣ, ಶಿರಹಟ್ಟಿ, ನರಗುಂದ,
ಯಾವ ಸಾಲಿಗೆ ಮುಟ್ಟೈತೋ.
ಯಾವುದೋ ಕೂಸು ಬಿಡಿಸಿ, ಎದ್ದು ನಿಂತು,
'ಸರ್, ಇದರಾಗ ತಪ್ಪೈತ್ರಿ' ಅಂದಿರಬೇಕು.
ಮಾಸ್ತರು ಏನಂದರೋ.
ಬಾಜೂಕ ಕುಂತ ಕೂಸು ಏನಂತೋ.