ಕಾವಲಿನ ಪಟ್ಟಿ

ಗದಗಿನ ನಮ್ಮ ಪ್ರೆಸ್ಸಿನ ಓಣಿಗೆ
ಹದಿನಾಲ್ಕು ಶಟರು, ಒಬ್ಬ ದುರ್ಗಪ್ಪ.
ಪಟ್ಟಿ ಎತ್ತೋ ಕೆಲಸ ನನ್ನ ಮ್ಯಾಲೆ ಬಿತ್ತು.
ಲೆಕ್ಕ ಬರ್ತೈತಿ ಅಂತಲ್ಲ,
ಮೀಟಿಂಗಿನ ದಿನ ನಾ ಊರಾಗಿರಲಿಲ್ಲ, ಅದಕ್ಕ.

ಎಲ್ಲಾರೂ ಸಮಸಮ ಅಂದ್ರು ಮೊದಲು.
ಮೂಲಿ ಅಂಗಡಿ ಗುಲ್ಜಾರಬಿ ಎದ್ದು ನಿಂತಳು:
"ನಂದು ಬೈಂಡಿಂಗು. ಒಂದು ದಬ್ಬಣ, ಒಂದು ಅಂಟಿನ ಡಬ್ಬಿ.
ನನ್ನ ಅಂಗಡಿಗೆ ಕಳ್ಳ ಬಂದ್ರ
ಪಾಪ ಅಂತ ತಾನ ಏನರೆ ಇಟ್ಟು ಹೋದಾನು."

ಹಂಗಾದ್ರ ಮಾಲಿನ ಮ್ಯಾಲೆ ಹಾಕೋಣು ಅಂದ್ರು.
ನಾಲ್ಕು ಬಣ್ಣದ ಆಫ್‌ಸೆಟ್ಟಿನ ಬಾಕಳೆ ಸೇಠರು
ಚಷ್ಮಾ ಒರೆಸಿಕೊಂಡ್ರು:
"ಅರ್ಧ ಪಗಾರ ನಂದಾದ್ರ, ಖುರ್ಚಿನೂ ನನ್ನ ಬಾಗಲಿಗೆ."
ಖುರ್ಚಿ ಹೋತು.
ತಿಂಗಳೊಪ್ಪತ್ತಿನಾಗ
ಸೇಠರ ಸ್ಕೂಟರ್ ತೊಳಿಯೂದೂ ಕಾವಲಿನೊಳಗ ಬಂತು.

ಹುಯಿಲಗೋಳ ಮಾಸ್ತರು ರೊಕ್ಕ ಕೊಡಲಿಲ್ಲ.
ಪಾವತಿ ಪುಸ್ತಕ ಪುಕ್ಕಟೆ ಛಾಪಿಸಿ ಕೊಟ್ಟೀನಲ್ಲ,
ಅದ ನನ್ನ ಪಾಲು, ಅಂದ್ರು.
ನಂಬರು ಹೊಡದ ಎರಡು ಸಾವಿರ ಹಾಳಿ,
ನಮ್ಮ ಮೊಮ್ಮಕ್ಕಳ ಕಾಲಕ್ಕೂ ತೀರೂವಲ್ಲವು.
ಕಬಾಡಿಯವರು, ಕಂಬದ ಲೈಟಿಗೆ ಕರೆಂಟು ನಂದು, ಅಂದ್ರು.
ಆ ಲೈಟು ಅವರ ಬೋರ್ಡಿನ ಮ್ಯಾಲಷ್ಟ ಬೀಳ್ತೈತಿ.

ಮೊನ್ನೆ ಒಬ್ಬರು ಕೇಳಿದ್ರು:
"ಹನ್ನೊಂದು ವರ್ಷ ಒಂದು ರೀಮೂ ಕಳುವಾಗಿಲ್ಲ. ಯಾಕ ಕೊಡಬೇಕು?"
"ಕಳುವಾಗಿಲ್ಲಲ್ಲ, ಅದಕ್ಕ."
ಇಬ್ಬರೂ ಗೆದ್ದಂಗಾತು. ರೊಕ್ಕ ಮಾತ್ರ ಬರಲಿಲ್ಲ.

ತುದಿಯ ಸೋಡಾ ಅಂಗಡಿಯಂವ
ಒಂದು ರೂಪಾಯಿ ಬಿಚ್ಚಿದ್ದು ನಾ ಕಂಡಿಲ್ಲ.
ಅವನ ಮುಂದ ಸೀಟಿ ಊದಬ್ಯಾಡ ಅಂತ ಠರಾವಾತು.
ದುರ್ಗಪ್ಪ ತಲಿ ಕೆರಕೊಂಡ:
"ಊದೂದು ಬಿಡ್ತೀನ್ರಿ. ನಿಮ್ಮ ಬಾಗಲಿಗೆ ಊದಿದ್ದು
ಅಂವಗ ಕೇಳದಂಗ ಹ್ಯಾಂಗ ಮಾಡ್ಲಿ?"

ರಾತ್ರಿ ಎರಡಕ್ಕ, ಗೂಡ್ಸ್ ಗಾಡಿ ದಾಟಿದ ಮ್ಯಾಲೆ,
ಅವನ ಬಡಿಗಿ ಫರಸಿಗೆ ಬಡಿತೈತಿ.
ಹಾಸಿಗ್ಯಾಗ ಮಲಗಿ ಎಣಿಸ್ತೀನಿ:
ಈ ಪೆಟ್ಟು ಸೇಠರದು.
ಮತ್ತ ಇದೂ ಸೇಠರದು.
ಇದು ಗುಲ್ಜಾರಬಿಯ ಅರ್ಧ, ಈದಿನ ನಂತರ ಕೊಡ್ತೀನಿ ಅಂದಿದ್ಲು.
ಇದು ಯಾರದೂ ಅಲ್ಲ,
ಆದ್ರೂ ಅಷ್ಟ ಗಟ್ಟಿ ಬಿತ್ತು.

ಮಾರ್ಚಿಗೆ ಲೆಕ್ಕ ಮುಗಿಸಾಕ ಕುಂತೆ.
ತಿಂಗಳಾ ನಾನೂರು ಕಮ್ಮಿ.
ಕಮ್ಮಿ ಬಿದ್ದದ್ದನ್ನ ಅವನ ಪಗಾರದಾಗ ಹಿಡಕೊಂತ ಬಂದೀವಿ,
"ಮುಂದಿನ ತಿಂಗಳ ನೋಡೋಣಪಾ" ಅಂತ.
ಹನ್ನೊಂದು ವರ್ಷ. ಕೂಡಿಸಿದೆ.
ಚಾ ಕುಡದು ಮತ್ತೊಮ್ಮೆ ಕೂಡಿಸಿದೆ.
ಐವತ್ತೆರಡು ಸಾವಿರದ ಎಂಟನೂರು.
ಸೇಠರನ್ನ ಬಿಟ್ರ
ನಮ್ಮ ಓಣ್ಯಾಗ ಎಲ್ಲಾರಕಿಂತ ಹೆಚ್ಚು ಪಟ್ಟಿ ಕೊಟ್ಟಾಂವ
ಶಟರಿಲ್ಲದ ದುರ್ಗಪ್ಪ.

ಮಾಸ್ತರ ಪುಸ್ತಕ ತೆಗದೆ, ಕಾರ್ಬನ್ ಇಟ್ಟೆ.
"ದುರ್ಗಪ್ಪ ಇವರಿಂದ, ಕಾವಲಿನ ಬಾಬ್ತು..."
ಹರದು ಕೈಯಾಗ ಹಿಡಕೊಂಡು ಹೊರಗ ಬಂದೆ.
ಖುರ್ಚಿ ಖಾಲಿ ಇತ್ತು.
ಅತ್ತ ತುದ್ಯಾಗ, ಕತ್ತಲ್ಯಾಗ,
ಸೀಟಿ ಕಿಸೆದಾಗಿಟ್ಟು
ಸೋಡಾ ಅಂಗಡಿ ಕೀಲಿ ಜಗ್ಗಿ ನೋಡಾಕತ್ತಿದ್ದ.