ಗಾಳಿಗೆ ಮೂಲೆ ಕೊಡಬ್ಯಾಡಿ

ಏಳು ನಿಮಿಷ ಮಿಸ್, ಅಷ್ಟೇ ಸಿಗೋದು,
ದಾಕ್ಷಾಯಿಣಿ ಬೆರಳೆಣಿಸಿ ಹೇಳಿದಳು.
ಮರುಭೂಮಿಯ ಹಬ್ಬಕ್ಕೆ ರಾತ್ರಿ ಇಳೀತೀವಿ,
ದೀಪ ಇರಲ್ಲ, ಮರ ಇರಲ್ಲ,
ಒಂಬತ್ತು ಜನ, ನಾಲ್ಕು ತಮಟೆ, ಎರಡು ನಗಾರಿ.
ನಿಂತರೆ ತಲೆ ತಾಗಬಾರದು,
ಬಿಚ್ಚಿದರೆ ರೈಲಿನ ಸೈಡ್ ಲೋಯರ್ ಕೆಳಗೆ
ಹಿಡಿಸಬೇಕು.

ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ
ಡ್ರಾಯಿಂಗ್ ಕಲಿಸಿದವಳು ನಾನು.
ಬೋರ್ಡಿನ ಮೇಲೆ ಎಷ್ಟೋ ಮನೆ ಕಟ್ಟಿದ್ದೇನೆ.
ಒಂದಕ್ಕೂ ಗಾಳಿ ಬೀಸಿರಲಿಲ್ಲ.

ಶಿವರಾಂಪೇಟೆಯಿಂದ ಮುಕ್ಕಾಲಿಂಚಿನ ವೈರಿಂಗ್ ಪೈಪು,
ಪಂಕ್ಚರ್ ಅಂಗಡಿಯಿಂದ ಹಳೆ ಸೈಕಲ್ ಟ್ಯೂಬು,
ಹೊಲಿಗೆಗೆ ಮಂಡಿ ಮೊಹಲ್ಲಾದ ಮುಕ್ತಿಯಾರ್ ಸಾಹೇಬರು.
ಶಾಮಿಯಾನ ಹೊಲಿದು ಹೊಲಿದು ಕಣ್ಣು ಮಂಜಾಗಿ
ಈಗ ಹೆಬ್ಬೆರಳಲ್ಲೇ ಅಂಚು ನೋಡುತ್ತಾರೆ.

ಮೊದಲನೆಯದು ಚೌಕ.
ನಾಲ್ಕು ಕಂಬ, ನಾಲ್ಕು ಗೂಟ, ನಾಲ್ಕು ಹಗ್ಗ.
ತಾರಸಿಯಲ್ಲಿ ಹೂಕುಂಡಗಳಿಗೆ ಕಟ್ಟಿದಾಗ
ಎಷ್ಟು ಚೆಂದ ನಿಂತಿತ್ತು!

ತಲಕಾಡಿಗೆ ಒಯ್ದೆವು, ನರಸೀಪುರದ ಬಸ್ಸಿನಲ್ಲಿ.
ಪೈಪಿನ ಕಟ್ಟಿಗೂ ಕಂಡಕ್ಟರು ಅರ್ಧ ಟಿಕೆಟು ಹರಿದ.
ಮರಳಿಗೆ ಹೊಡೆದ ಗೂಟ
ಮೊಸರನ್ನದಲ್ಲಿ ನೆಟ್ಟ ಚಮಚ.
ಗುಡಿಗಳನ್ನೇ ಕತ್ತಿನವರೆಗೆ ಹೂತಿಟ್ಟುಕೊಂಡ ಮರಳು
ನನ್ನ ಒಂದು ಗೇಣು ಕಬ್ಬಿಣ ಹಿಡಿದುಕೊಳ್ಳಲು
ಒಪ್ಪಲಿಲ್ಲ.
ಒಂದು ಬೀಸು, ಅಷ್ಟೇ.
ಬೆಳ್ಳಿ ಬಣ್ಣದ ಟಾರ್ಪಾಲು ಎರಡು ಪಲ್ಟಿ ಹೊಡೆದು
ಕಾವೇರಿಯಲ್ಲಿ ಇಳಿಯಿತು.

ತಿಬ್ಬಯ್ಯ ಅದನ್ನು ಹರಿಗೋಲಿಗೆ ಹೇರಿ ತಂದ,
ತೊಯ್ದ ಎಮ್ಮೆಯಷ್ಟು ಭಾರ.
ಮಾತಾಡಲಿಲ್ಲ. ಹರಿಗೋಲು ಬೋರಲು ಹಾಕಿ
ಒಂದು ಅಂಚಿಗೆ ಹುಟ್ಟು ಕೊಟ್ಟು ಎತ್ತಿ
ನೆರಳಿಗೆ ನುಸುಳಿ ಬೀಡಿ ಹಚ್ಚಿದ. ಆಮೇಲೆ,
"ಗಾಳಿಗೆ ಮೂಲೆ ಕೊಡಬ್ಯಾಡಿ ಕನವ್ವ,
ಮೂಲೆ ಸಿಕ್ಕುದ್ರೆ ಹಿಡ್ಕತದೆ."

ಮಂಡಿಯೂರಿ ಒಳಗಿನಿಂದ ನೋಡಿದೆ.
ಬಿದಿರ ಸೀಳಿನ ಮೇಲೆ ಬಿದಿರ ಸೀಳು ಹಾದು
ಬಾಗಿದ್ದೇ ಬಲವಾಗಿ,
ಒಂದೂ ಮೊಳೆಯಿಲ್ಲ.
ಎಷ್ಟೋ ಉತ್ತರಪತ್ರಿಕೆ ತಿದ್ದಿದ ಕೈ
ಬಸ್ ಟಿಕೆಟಿನ ಬೆನ್ನ ಮೇಲೆ ಗೀಚತೊಡಗಿತು.

ಆಮೇಲೆ ಎಲ್ಲ ದುಂಡಗೆ.
ನಾಲ್ಕು ಬಿಲ್ಲು, ಬಿಲ್ಲಿಗೆ ಐದು ತುಂಡು,
ಗೂಟದ ಬದಲು ರಾಗಿ ಚೀಲ.
ಅದೇ ಮರಳು ತುಂಬಿ ಅದೇ ಮರಳಲ್ಲಿ ಹೂತರೆ
ಎತ್ತು ಕಟ್ಟಿ ಎಳೆದರೂ ಜಪ್ಪಯ್ಯ ಅನ್ನುವುದಿಲ್ಲ.
ತನ್ನದನ್ನು ಬಿಟ್ಟುಕೊಡುವ ಜಾತಿಯಲ್ಲ ಅದು.

ಕತ್ತಲಲ್ಲಿ ಬಣ್ಣ ಕಾಣದು.
ಹ್ಯಾಕ್ಸಾ ಹಿಡಿದು ಪೈಪಿನ ತುದಿಗೆ ಗೀಟು ಕೊಯ್ದೆ:
ಒಂದಕ್ಕೆ ಒಂದು, ಎರಡಕ್ಕೆ ಎರಡು.
ಕರೆಂಟು ಹೋದ ರಾತ್ರಿ ಸಾಹೇಬರನ್ನು ಕರೆಸಿ
ತಾರಸಿಯಲ್ಲಿ ಗಡಿಯಾರ ಹಿಡಿದು ಕೂತೆ.
ಸರಸರ, ಟಕ್. ಸರಸರ, ಟಕ್.
"ಆಯ್ತು ಮೇಡಂ," ಒಳಗಿನಿಂದ ದನಿ.
ಆರು ನಿಮಿಷ, ನಲವತ್ತು ಸೆಕೆಂಡು.
"ಬಾಗಿಲು ಯಾವ ಕಡೆ ಇಟ್ಟಿದ್ದೀರಿ?"

ಬಾಗಿಲು!

ಕತ್ತರಿ ಸದ್ದು ಕೇಳಿಸಿತು.
ಕತ್ತಲನ್ನು ಸೀಳಿಕೊಂಡು ಮೊದಲು ಗಡ್ಡ ಬಂತು,
ಆಮೇಲೆ ನಗು.

ಹುಡುಗರು ಹೊರಟ ಮೂರನೇ ದಿನ
ಬೀರುವಿನ ಹಿಂದೆ ಒಂದು ಪೈಪು ಸಿಕ್ಕಿತು.
ನಾಲ್ಕು ಗೀಟು. ನಾಲ್ಕನೇ ಬಿಲ್ಲಿನ ಕಾಲು.
ಎದೆ ಧಸಕ್ಕೆಂದು ಫೋನು ಮಾಡಿದರೆ
ಆ ಕಡೆ ಗಾಳಿಯೋ ನಗಾರಿಯೋ ತಿಳಿಯದ ಸದ್ದು,
ಅದರ ನಡುವೆ ದಾಕ್ಷಾಯಿಣಿಯ ಕೂಗು:
"ನಿಂತಿದೆ ಮಿಸ್! ಕಾಲಿಲ್ಲದ ಕಡೆ
ಗಂಟೆಗೊಬ್ಬರು ಕೂತು ಹೆಗಲು ಕೊಡ್ತಿದೀವಿ.
ಈಗ ನನ್ನ ಪಾಳಿ, ಅಲ್ಲಾಡಂಗಿಲ್ಲ,
ಆಮೇಲೆ ಮಾಡ್ತೀನಿ."

ಅದನ್ನು ಯಾವ ಗೆರೆಯಲ್ಲಿ ತೋರಿಸುವುದು?
ಕಾಣದ ಅಂಚಿಗೆ ಚುಕ್ಕಿಗೆರೆ
ಎಂದು ಕಲಿಸಿದವಳು ನಾನೇ.
ನಕ್ಷೆ ಇನ್ನೂ ಮೇಜಿನ ಮೇಲಿದೆ.

ಆ ಪೈಪನ್ನು ಮುಕ್ತಿಯಾರ್ ಸಾಹೇಬರು ಒಯ್ದರು.
ಶಾಮಿಯಾನದ ಕೆಲಸ ಈಗ ಕಮ್ಮಿ.
ಎರಡು ಮೊಳೆಯ ಮೇಲೆ ಅಡ್ಡ ಇಟ್ಟು
ಶಾಲೆ ಮಕ್ಕಳ ಯೂನಿಫಾರಂ ನೇತುಹಾಕುತ್ತಾರೆ,
ನಾಲ್ಕು ಗೀಟಿನ ತುದಿ
ಬೀದಿಯ ಕಡೆಗೆ.