ಅರವತ್ತೊಂದನೆಯ ದಿನ

ಒಗೆಯಲೆಂದು ಚಾದರ ಎಳೆದಾಗ ದಿಂಬಿನಡಿ ಸಿಕ್ಕಿತು:
ಅಂಗೈಯಗಲದ ನೋಟುಬುಕ್ಕು, ರಬ್ಬರ್ ಬ್ಯಾಂಡು ಬಿಗಿದದ್ದು,
ಮೂಲೆಗಳು ಬೆವರಿಗೆ ಮೆತ್ತಗಾದದ್ದು.
ತಾವಿಯದು. ಎಸ್ಟೋನಿಯಾದ ಹುಡುಗ, ಮೂರು ರಾತ್ರಿ ಇದ್ದವನು.
ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬುದು
ಅವನ ಕೈಲಾಗದ ಮಾತು.
ನನ್ನ ಮಂಚ ಎಲ್ಲಿ ಮುಗಿಯುತ್ತದೋ
ಅಲ್ಲಿಂದ ಅವನ ಪಾದಗಳು ಶುರು.

ಬಸ್ಸು ಹೊರಟು ಎರಡು ತಾಸು.
ಕುತೈಸಿಯಿಂದ ಯಾವ ಕಡೆಗೆ, ಕೇಳಿರಲಿಲ್ಲ.
ಕೇಳುವುದಿಲ್ಲ ನಾನು. ಕೇಳಿದರೆ ಮನೆಯವರಾಗಿಬಿಡುತ್ತಾರೆ,
ಆಮೇಲೆ ಬಾಡಿಗೆ ಇಸಕೊಳ್ಳುವುದು ಕಷ್ಟ.

ಅವನ ಅಕ್ಷರ ನನಗೆ ಬಾರದು. ಅಂಕಿಗೆ ಯಾರ ಭಾಷೆಯೂ ಬೇಡ.
ಮೊದಲ ಪುಟದಲ್ಲಿ ಒಂಬತ್ತು ಸಾವಿರದ ಎಂಟುನೂರು ಯೂರೋ,
ನಾನೂರ ಇಪ್ಪತ್ತರಿಂದ ಭಾಗಿಸಿ
ಅಡಿಯಲ್ಲಿ ಎರಡು ಗೆರೆ: ೨೩.
ಶೇಷ ಉಳಿದದ್ದರ ಪಕ್ಕ ಒಂದು ಹಲ್ಲಿನ ಚಿತ್ರ,
ಬೇರುಸಹಿತ.
ಭೂಮಿಯನ್ನು ಕುಂಬಳಕಾಯಿಯ ಹಾಗೆ ಹೋಳು ಮಾಡಿ
ದಿನಕ್ಕೊಂದು ಹೋಳು ಎತ್ತಿಟ್ಟಿದ್ದಾನೆ.

ಮುಂದಿನ ಪುಟಗಳಲ್ಲೂ ಚಿತ್ರಗಳು: ಚಕ್ರ, ರೊಟ್ಟಿ, ಮಂಚ.
ಒಂದು ಕಡೆ ಎರಡು ದಿನ ರೊಟ್ಟಿಯೇ ಇಲ್ಲ,
ಮೂರನೆಯ ದಿನ ಬೂಟು, ೪೬.
ಐವತ್ತೆಂಟನೆಯ ದಿನ ನನ್ನ ಮನೆ,
ಬಾಗಿಲ ಮೇಲಿನ ದ್ರಾಕ್ಷಿ ಬಳ್ಳಿಯಿಂದ ಗುರುತು ಸಿಕ್ಕಿತು.
ಮಂಚ, ೭. ಅದರ ಕೆಳಗೊಂದು ಲೋಟ:
೦.

ಸೊನ್ನೆ!
ಅಕ್ಟೋಬರಿನಲ್ಲಿ ನೆಲದೊಳಗಿನ ಗುಡಾಣಕ್ಕೆ ಸುರಿದು
ಏಪ್ರಿಲ್‌ವರೆಗೆ ಕಾದ ವೈನು.
ಜುಂಬರ್ ಸತ್ತ ಮೇಲೆ ನಾನೊಬ್ಬಳೇ ತುಳಿದ ದ್ರಾಕ್ಷಿ.
ಮೊಣಕಾಲಿನ ಮುಲಾಮು ಹದಿನಾಲ್ಕು ಲರಿ,
ಅದು ಯಾರ ಲೆಕ್ಕಕ್ಕೆ?
ಕೊಟ್ಟವಳು ಕೋಡಂಗಿ.

ಚಾದರ ಹಿಂಡಿ, ತಂತಿಗೆ ಹಾಕಿ,
ಒದ್ದೆ ಬೆರಳಲ್ಲೇ ಮತ್ತೆ ತೆರೆದೆ.
ಶಾಲೆಯಿಂದ ಬಂದ ತೆಕ್ಲಾ ಹೆಗಲ ಮೇಲಿಂದ ಇಣುಕಿ,
ಅಜ್ಜಿ, ಲೋಟದ ಪಕ್ಕ ನಿನ್ನ ಹೆಸರು, ಅಂದಳು. ತ್ಸಿಯಾಲಾ.
ಹಿಂದಿನದನ್ನೂ ಓದು, ಅಂದೆ.
ಹಿಕ್ಮೆತ್, ಟ್ರಾಬ್ಜೋನ್, ಚಹಾ, ೦.
ಬೊಗುಮಿಲಾ, ಸೇಬು ಆರು, ೦.
ದೊರಿನ್, ಮಳೆ, ಟ್ರಕ್ಕಿನಲ್ಲಿ ಇನ್ನೂರು ಕಿಲೋಮೀಟರು, ೦.
ಏಳು ಕೊಟ್ಟ ಕಡೆ, ನಲವತ್ತಾರು ಕೊಟ್ಟ ಕಡೆ
ಯಾರ ಹೆಸರೂ ಇಲ್ಲ.

ಹಾಗಂತ ಸಿಟ್ಟು ಪೂರ್ತಿ ಇಳಿಯಲಿಲ್ಲ.
ಮೊಣಕಾಲು ಮೊಣಕಾಲೇ.

ಅರವತ್ತೊಂದರಿಂದ ಆಚೆಗೆ ಹಾಳೆಗಳು ಖಾಲಿ,
ಆದರೆ ಪ್ರತಿಯೊಂದರ ತಲೆಯ ಮೇಲೆ ಪೆನ್ಸಿಲಿನ ೨೩,
ಇನ್ನೂ ಬಾರದ ನೆಂಟರಿಗೆ
ಮೊದಲೇ ಹಾಕಿಟ್ಟ ತಟ್ಟೆಗಳ ಹಾಗೆ.
ಅವನೀಗ ಯಾವುದೋ ಬಸ್ಸಿನಲ್ಲಿ ಜೇಬು ತಡಕುತ್ತಿರಬೇಕು,
ದುಡ್ಡು ಇದೆ, ಲೆಕ್ಕ ಇಲ್ಲ,
ಇಂದು ಸಂಜೆ ಹಸಿವಾದರೆ
ಎಷ್ಟು ಹಸಿಯಬಹುದೆಂದು ಹೇಳುವವರಿಲ್ಲ.
ಅಂಚೆಗೆ ಹಾಕೋಣವೆಂದರೆ
ಊರು ಬಿಟ್ಟವನಿಗೆ ಯಾವ ವಿಳಾಸ?

ತೆಕ್ಲಾ ಮಲಗಿದ ಮೇಲೆ ಅವಳ ಪೆನ್ಸಿಲು ಎತ್ತಿಕೊಂಡೆ.
ಬತೂಮಿ ಎರಡೂವರೆ ತಾಸಿನ ದಾರಿ.
ಸಮುದ್ರ ನೋಡಿ ಮೂವತ್ತೊಂದು ವರ್ಷ.
ಅರವತ್ತೊಂದನೆಯ ದಿನ: ಚಕ್ರ ಬರೆದೆ,
ಹೋಗಿ ಬರಲು ೧೩. ಮೀನು ಬರೆದೆ, ೬,
ಬಾಲ ಚೆನ್ನಾಗಿ ಬಂತು.
ಮಂಚ ಬರೆದೆ, ನಾಲ್ಕು ಕಾಲೂ ಸರಿಯಾಗಿ ಕೂತವು.
ಬೆಲೆಯ ಜಾಗದಲ್ಲಿ ಪೆನ್ಸಿಲು ನಿಂತಿತು.
ಅರವತ್ತೆಂಟು ವರ್ಷದಲ್ಲಿ ಬೇರೆಯವರ ಮಂಚಕ್ಕೆ
ದುಡ್ಡು ತೆತ್ತವಳಲ್ಲ ನಾನು,
ಆಸ್ಪತ್ರೆಯದೊಂದು ಬಿಟ್ಟು.

ಆಗಲೇ ಬಾಗಿಲು ಬಡಿದರು.
ಇಬ್ಬರು, ಬೆನ್ನ ಮೇಲೆ ತಮಗಿಂತ ಎತ್ತರದ ಚೀಲ,
ಬೊಬ್ಬೆ ಎದ್ದ ಕಾಲಿಗೆ ಒಬ್ಬಳು ಕುಂಟುತ್ತಿದ್ದಳು.
ಎಷ್ಟು? ಬೆರಳು ಉಜ್ಜಿ ಕೇಳಿದರು.
ನಾನೂ ಅದನ್ನೇ ಯೋಚಿಸುತ್ತಿದ್ದೆ, ಅಂದೆ,
ಅವರಿಗೆ ತಿಳಿಯದ ನನ್ನ ಭಾಷೆಯಲ್ಲಿ.
ಆಮೇಲೆ ಎರಡು ಬೆರಳೆತ್ತಿದೆ:
ಇಪ್ಪತ್ತು ಲರಿ. ಬೂಟು ಹೊರಗೆ ಬಿಡಿ.